ಮುದಗಲ್ಲಿನ ಜಪಸರ, ರೋಮಿನ ಕಟ್ಟಳೆ

ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಕಥೋಲಿಕ ಕ್ರೈಸ್ತರು ಆದಿಲ್ ಶಾಹಿಗಳ ಕಾಲದಿಂದಲೂ ಇದ್ದಾರೆ. ಬಳ್ಳಾರಿ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ, ಸ್ಥಾಪನೆಯಾದದ್ದು ಬಹಳ ತಡವಾಗಿ, 1949ರಲ್ಲಿ. ರಾಯಚೂರು, ಕೊಪ್ಪಳ ಜಿಲ್ಲೆಗಳೂ ಅದಕ್ಕೇ ಸೇರಿವೆ. ದೀಪ ಹಚ್ಚುವ ಹೊತ್ತಿಗೆ ಮಣಿ ಎಣಿಸುತ್ತ ಹೇಳುವ ಜಪಸರ, ಭಾನುವಾರ ಚರ್ಚಿನಲ್ಲಿ ತಪ್ಪದ ಬಲಿಪೂಜೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲದ ಊಟ: ಇಂಥ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಇವೆಲ್ಲ ಯೇಸುವಿನ ಕಾಲದಿಂದಲೂ ಬದಲಾಗದೆ ಬಂದಂತೆ ತೋರುತ್ತವೆ. ಆದರೆ ಬಾಲ್ಯವನ್ನು ಹೆಚ್ಚು ಬಿಗಿಯಾಗಿ ಕಟ್ಟಿದ ನಿಯಮಗಳಿಗೆ ನಿರ್ದಿಷ್ಟ ಇಸವಿಗಳಿವೆ, ಕೆಲವು ತೀರ ಈಚಿನವು.

ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿದ್ದು 1215ರಲ್ಲಿ ರೋಮಿನಲ್ಲಿ ಬಿಷಪರೆಲ್ಲ ಸೇರಿದ ಲ್ಯಾಟರನ್ ಮಹಾಸಭೆ. ಅದು ವಿವೇಚನೆ ಬಂದ ಎಲ್ಲರಿಗೂ ಅನ್ವಯಿಸುತ್ತಿತ್ತಾದರೂ, ಆ ವಯಸ್ಸನ್ನು ಸುಮಾರು ಏಳು ಎಂದು ಸ್ಪಷ್ಟಪಡಿಸಿದವರು ಹತ್ತನೇ ಪಯಸ್ ಪೋಪರು, 1910ರಲ್ಲಿ. ಮಕ್ಕಳಿಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಬೇಗ ಸಿಗಲಿ ಎಂಬ ಕರುಣೆ ಆ ಆದೇಶದಲ್ಲಿತ್ತು. ಆದರೆ ತನ್ನ ತಪ್ಪುಗಳನ್ನು ಎಣಿಸಿ ಚರ್ಚಿನ ಗುರುಗಳ ಮುಂದೆ ಹೇಳುವ ಹೊರೆಯೂ ಎರಡನೇ ತರಗತಿಯ ಮಗುವಿನ ಮೇಲೆ ಬಿತ್ತು. ಧರ್ಮೋಪದೇಶದಲ್ಲಿ ನರಕದ ವರ್ಣನೆಯೇ ಮುಂದಾದ ಕಡೆಗಳಲ್ಲಿ ಆ ಕರುಣೆ ಮಕ್ಕಳಿಗೆ ಕಾಣದೆ ಹೋದದ್ದು ನನಗೆ ನೋವಿನ ಸಂಗತಿ.

ಪರಮಪ್ರಸಾದಕ್ಕೆ ಮುಂಚಿನ ಉಪವಾಸ ನಡುರಾತ್ರಿಯಿಂದಲೇ ಶುರುವಾಗುತ್ತಿತ್ತು. 1953ರವರೆಗೆ ಗುಟುಕು ನೀರಿಗೂ ಅವಕಾಶವಿರಲಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಉಪವಾಸ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಬಲಿಪೂಜೆ ಕನ್ನಡಕ್ಕೆ ಬಂದು, ತಾನು ಹೇಳುವ ಪ್ರಾರ್ಥನೆ ಮಗುವಿಗೆ ಮೊದಲ ಸಲ ಅರ್ಥವಾಯಿತು.

ಸಡಿಲಾಗದೆ ಉಳಿದದ್ದು ಹೆಚ್ಚಾಗಿ ಮದುವೆಯ ವಿಷಯ. ಅನ್ಯಧರ್ಮೀಯರನ್ನು ವರಿಸಿದರೆ, ಹುಟ್ಟುವ ಮಕ್ಕಳಿಗೆ ಜ್ಞಾನಸ್ನಾನ (ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ) ಕೊಡಿಸಿ ಕಥೋಲಿಕರಾಗಿಯೇ ಬೆಳೆಸುವುದಾಗಿ ವಧೂವರರಿಬ್ಬರೂ ಮಾತು ಕೊಡಬೇಕಿತ್ತು. 1970ರಲ್ಲಿ ಆರನೇ ಪೌಲ್ ಪೋಪರು ಆ ಹೊಣೆಯನ್ನು ಕಥೋಲಿಕ ಸಂಗಾತಿಗಷ್ಟೇ ಸೀಮಿತಗೊಳಿಸಿ, ಅವರು ಕೈಲಾದ ಪ್ರಯತ್ನ ಮಾಡಿದರೆ ಸಾಕೆಂದರು. ಆದರೂ ಬೆರಳೆಣಿಕೆಯ ಮನೆಗಳಿರುವ ಊರುಗಳಲ್ಲಿ ಒಬ್ಬ ಮಗಳು ಹೊರಗೆ ಮದುವೆಯಾದರೆ ಕುಲವೇ ಕರಗೀತೆಂಬ ಭಯವಿರುತ್ತದೆ. ಹಾಗಾಗಿ ರೋಮ್ ಸಡಿಲಿಸಿದ್ದನ್ನು ಮನೆ ಸಡಿಲಿಸುವುದಿಲ್ಲ. ಬಿಷಪರ ಅನುಮತಿ ಪಡೆದು ಇಂಥ ಮದುವೆಯನ್ನು ಚರ್ಚಿನಲ್ಲೇ ನಡೆಸಬಹುದೆಂಬುದನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.