ಬೈಪಾಸ್‌ಗೆ ಹತ್ತಿರದ ಆಸ್ಪತ್ರೆಯೋ, ದೂರದ ದೊಡ್ಡಾಸ್ಪತ್ರೆಯೋ?

ಪ್ರಶ್ನೆ: ಅಪ್ಪನಿಗೆ 67 ವರ್ಷ. ಆಂಜಿಯೋಗ್ರಾಂ ಮಾಡಿಸಿದಾಗ ಮೂರು ರಕ್ತನಾಳಗಳಲ್ಲಿ ಬ್ಲಾಕ್ ಕಂಡಿದೆ. ತಿಂಗಳೊಳಗೆ ಬೈಪಾಸ್ ಮಾಡಿಸಿ ಎಂದಿದ್ದಾರೆ. ನಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲೂ ಮಾಡುತ್ತಾರೆ. ಆದರೆ ನೆಂಟರೆಲ್ಲ, ದಿನವೂ ಹತ್ತಾರು ಆಪರೇಷನ್ ಆಗುವ ಬೆಂಗಳೂರಿಗೇ ಕರೆದುಕೊಂಡು ಹೋಗಿ ಎನ್ನುತ್ತಾರೆ. ಹೆಚ್ಚು ಆಪರೇಷನ್ ಆಗುವ ಕಡೆ ಜೀವಕ್ಕೆ ಅಪಾಯ ಕಡಿಮೆ ಎನ್ನುವುದು ನಿಜವೇ?

ಉತ್ತರ: ನಿಜ. ಆದರೆ ಬೈಪಾಸ್ ಮಟ್ಟಿಗೆ ಆ ವ್ಯತ್ಯಾಸ ನಿಮ್ಮ ನೆಂಟರು ಅಂದುಕೊಂಡಷ್ಟು ದೊಡ್ಡದಲ್ಲ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಡುತ್ತಾ ಮಾಡುತ್ತಾ ಕೈ ಪಳಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಅಮೆರಿಕದ ಹೆರಾಲ್ಡ್ ಲುಫ್ಟ್ ಮತ್ತು ಸಂಗಡಿಗರು ಮೊದಲಿಗರು. 1979ರಲ್ಲಿ ಅವರು ಸುಮಾರು 1,500 ಆಸ್ಪತ್ರೆಗಳ ದಾಖಲೆ ತೆಗೆದು ಹನ್ನೆರಡು ಬಗೆಯ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದರು. ತೆರೆದ ಹೃದಯದ ಶಸ್ತ್ರಚಿಕಿತ್ಸೆ, ಬೈಪಾಸ್ ಮೊದಲಾದವುಗಳಲ್ಲಿ ವರ್ಷಕ್ಕೆ 200 ಅಥವಾ ಅದಕ್ಕಿಂತ ಹೆಚ್ಚು ಮಾಡುವ ಆಸ್ಪತ್ರೆಗಳ ಸಾವಿನ ಪ್ರಮಾಣ ಉಳಿದವುಗಳಿಗಿಂತ ಶೇ 25ರಿಂದ 41ರಷ್ಟು ಕಡಿಮೆ ಇತ್ತು.

ಅಲ್ಲಿಂದೀಚೆಗೆ ಶಸ್ತ್ರಚಿಕಿತ್ಸೆ, ಅರಿವಳಿಕೆ ಎರಡೂ ಬಹಳ ಸುಧಾರಿಸಿವೆ. 2002ರಲ್ಲಿ ಜಾನ್ ಬಿರ್ಕ್‌ಮೇಯರ್ ತಂಡ ಅಮೆರಿಕದ ಹಿರಿಯ ನಾಗರಿಕರ, ಅಂದರೆ ನಿಮ್ಮ ತಂದೆಯ ವಯಸ್ಸಿನವರ, ದಾಖಲೆಗಳನ್ನು ನೋಡಿತು. ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ತೀರಾ ಕಡಿಮೆ ಮಾಡುವ ಆಸ್ಪತ್ರೆಗಳಲ್ಲಿ ನೂರರಲ್ಲಿ 16 ಮಂದಿ ಸತ್ತರೆ, ಅತಿ ಹೆಚ್ಚು ಮಾಡುವ ಕಡೆ ಸತ್ತವರು ನಾಲ್ವರು. ಹೃದಯದ ಕವಾಟ ಬದಲಿಸುವಲ್ಲಿ ಅಂತರ ನೂರಕ್ಕೆ ಎರಡರಿಂದ ಐದು. ಬೈಪಾಸ್‌ನಲ್ಲಿ ಎರಡಕ್ಕಿಂತಲೂ ಕಡಿಮೆ. ಒಂದು ಮನೆಗೆ ಆ ಒಂದು ಜೀವವೇ ಸರ್ವಸ್ವ ಎಂಬುದನ್ನು ನಾನು ಮರೆತಿಲ್ಲ. ಆದರೂ ಅಪರೂಪದ, ಕಠಿಣವಾದ ಚಿಕಿತ್ಸೆಗಳಲ್ಲಿ ಸಂಖ್ಯೆಗೆ ಇರುವಷ್ಟು ತೂಕ, ಎಲ್ಲೆಡೆ ರೂಢಿಯಾಗಿಬಿಟ್ಟ ಚಿಕಿತ್ಸೆಗಳಲ್ಲಿ ಇಲ್ಲ.

ಪಳಗುವುದು ಯಾರ ಕೈ? ಸರ್ಜನ್ ಕೈ ಮಾತ್ರ ಎಂದು ನಾವೆಲ್ಲ ಭಾವಿಸುತ್ತೇವೆ. ಬೈಪಾಸ್ ಆದ ರಾತ್ರಿ ಐಸಿಯುವಿನಲ್ಲಿ ಏನಾಗುತ್ತದೆ ನೋಡಿ. ರೋಗಿಯ ಎದೆಯೊಳಗಿಂದ ಬಂದ ಕೊಳವೆ ಮಂಚದ ಪಕ್ಕದ ಬಾಟಲಿಗೆ ಇಳಿದಿರುತ್ತದೆ. ಒಳಗೆ ಒಸರುವ ರಕ್ತ ಅದರಲ್ಲಿ ಸಂಗ್ರಹವಾಗುತ್ತಿರುತ್ತದೆ. ನರ್ಸ್ ಗಂಟೆಗೊಮ್ಮೆ ಅದರ ಮಟ್ಟ ಬರೆದಿಡುತ್ತಾರೆ. ಅಲ್ಲಿಯವರೆಗೆ ಬರುತ್ತಿದ್ದ ರಕ್ತ ನಡುರಾತ್ರಿ ಇದ್ದಕ್ಕಿದ್ದಂತೆ ನಿಂತಿತು ಎನ್ನಿ. ಹೊಸಬರು ರಕ್ತಸ್ರಾವ ನಿಂತಿತೆಂದು ಸಮಾಧಾನಪಡಬಹುದು. ಪಳಗಿದ ನರ್ಸ್ ಮಾನಿಟರ್ ನೋಡುತ್ತಾರೆ. ರಕ್ತದೊತ್ತಡ ಇಳಿಯುತ್ತಿದ್ದರೆ, ನಾಡಿ ಏರುತ್ತಿದ್ದರೆ, ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಿ ಒಳಗೆ ಹೃದಯದ ಸುತ್ತ ತುಂಬಿಕೊಳ್ಳುತ್ತಿದೆ ಎಂದು ಅವರಿಗೆ ಹೊಳೆಯುತ್ತದೆ. ಆಗ ಉಳಿದಿರುವುದು ನಿಮಿಷಗಳ ಲೆಕ್ಕ. ಅಗತ್ಯಬಿದ್ದರೆ ಮಂಚದ ಮೇಲೆಯೇ ಹೊಲಿಗೆ ಬಿಚ್ಚಿ ಎದೆ ತೆರೆಯಬೇಕಾಗುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಇದನ್ನು ಕಂಡ ತಂಡಕ್ಕೂ, ಎಂದೂ ಕಾಣದ ತಂಡಕ್ಕೂ ಇರುವ ಅಂತರ ಆ ನಿಮಿಷಗಳಲ್ಲಿದೆ.

2009ರ ಒಂದು ಅಧ್ಯಯನ ಈ ಅಂತರವನ್ನೇ ಅಳೆಯಿತು. ಅದು ಹೃದಯದ್ದಲ್ಲ, ಹೊಟ್ಟೆ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆಯದು. ಸಾವು ಕಡಿಮೆಯಿರುವ ಆಸ್ಪತ್ರೆಗಳಲ್ಲೂ ಹೆಚ್ಚಿರುವಲ್ಲೂ ತೊಡಕುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಆದರೆ ತೀವ್ರ ತೊಡಕಿಗೆ ಸಿಲುಕಿದ ನೂರು ಮಂದಿಯಲ್ಲಿ ಒಂದು ಕಡೆ ಸತ್ತವರು ಸುಮಾರು 12, ಇನ್ನೊಂದು ಕಡೆ 21. ತೊಡಕು ಎಲ್ಲಿಯೂ ಬರುತ್ತದೆ, ಅದರಿಂದ ಪಾರುಮಾಡುವ ಶಕ್ತಿ ಎಲ್ಲ ಕಡೆ ಸಮನಾಗಿರುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಲವು ಆಸ್ಪತ್ರೆಗಳಿಗೆ ಹೋಗಿ ಆಪರೇಷನ್ ಮಾಡುವ ಹೃದಯ ಸರ್ಜನ್‌ಗಳನ್ನು ಗಮನಿಸಿದಾಗಲೂ ಇಂಥದೇ ಸಂಗತಿ ಕಂಡಿತು. ಒಂದು ಆಸ್ಪತ್ರೆಯಲ್ಲಿ ಹೆಚ್ಚು ಮಾಡಿದ್ದರ ಫಲ ಅಲ್ಲಿಯೇ ಕಾಣಿಸುತ್ತಿತ್ತು, ಬೇರೆಡೆ ಹೋದಾಗ ಅದು ಅವರ ಬೆನ್ನಿಗೆ ಬರುತ್ತಿರಲಿಲ್ಲ. ಹಾಗಾಗಿ 'ಬೆಂಗಳೂರಿನ ಹೆಸರಾಂತ ಡಾಕ್ಟರ್ ವಾರಕ್ಕೊಮ್ಮೆ ಇಲ್ಲಿಗೇ ಬರುತ್ತಾರೆ' ಎಂದು ಯಾರಾದರೂ ಧೈರ್ಯ ಹೇಳಿದರೆ, ಅವರು ಹೋದ ಮೇಲೆ ರಾತ್ರಿ ನೋಡಿಕೊಳ್ಳುವವರು ಯಾರು ಎಂದು ಕೇಳಲೇಬೇಕು.

ಆಸ್ಪತ್ರೆಯ ಹೊರಗೆ ಫಲಕದಲ್ಲಿ ಬರೆದ ಒಟ್ಟು ಸಂಖ್ಯೆಗೆ ಮಾರುಹೋಗಬೇಡಿ. ಎಷ್ಟೋ ವರ್ಷಗಳ ಆಂಜಿಯೋಗ್ರಾಂ, ಸ್ಟೆಂಟ್, ಬೈಪಾಸ್ ಎಲ್ಲ ಸೇರಿಸಿದ ಮೊತ್ತ ನಿಮಗೆ ಏನನ್ನೂ ಹೇಳುವುದಿಲ್ಲ. ಬೇಡದವರಿಗೂ ಸ್ಟೆಂಟ್ ಹಾಕಿದರೆ ಸಂಖ್ಯೆಯೇನೋ ಏರುತ್ತದೆ. ಅಂಥವರು ಮೊದಲೇ ಗಟ್ಟಿಮುಟ್ಟಾಗಿರುವುದರಿಂದ ಸಾವಿನ ಲೆಕ್ಕವೂ ಚೆಂದ ಕಾಣುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 1990ರ ದಶಕದ ಆರಂಭದಿಂದಲೇ ಬೈಪಾಸ್ ಸಾವಿನ ಪ್ರಮಾಣವನ್ನು ಆಸ್ಪತ್ರೆವಾರು ಪ್ರಕಟಿಸುತ್ತಾರೆ. ಅದೂ ರೋಗಿ ಎಷ್ಟು ಅಶಕ್ತನಾಗಿದ್ದ ಎಂಬುದನ್ನು ಲೆಕ್ಕಕ್ಕೆ ಹಿಡಿದು. ನಮ್ಮಲ್ಲಿ ಜನರ ಕೈಗೆ ಸಿಗುವ ಅಂಥ ಪಟ್ಟಿ ಇಲ್ಲದಿರುವುದು ನನಗೆ ನಿಜಕ್ಕೂ ನೋವಿನ ವಿಷಯ. ಆದ್ದರಿಂದ ನೀವೇ ಕೇಳಬೇಕು: ಕಳೆದ ಒಂದು ವರ್ಷದಲ್ಲಿ ಇದೇ ಸರ್ಜನ್, ಇದೇ ಆಸ್ಪತ್ರೆಯಲ್ಲಿ ಎಷ್ಟು ಬೈಪಾಸ್ ಮಾಡಿದ್ದಾರೆ? ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವ ಇದೇ ವಯಸ್ಸಿನವರು ಹೇಗೆ ಚೇತರಿಸಿಕೊಂಡಿದ್ದಾರೆ? ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ನಿಮ್ಮ ಜಿಲ್ಲಾ ಕೇಂದ್ರದ ಆಸ್ಪತ್ರೆ ವಾರಕ್ಕೆ ನಾಲ್ಕೈದು ಬೈಪಾಸ್ ಮಾಡುತ್ತಿದ್ದು, ಸರ್ಜನ್ ಊರಿನಲ್ಲೇ ಇರುವವರಾದರೆ, ನಾನಾಗಿದ್ದರೆ ಅಲ್ಲಿಯೇ ಮಾಡಿಸುತ್ತಿದ್ದೆ. ಮನೆಯವರು ಹತ್ತಿರವಿರುತ್ತಾರೆ, ಆಮೇಲಿನ ತಪಾಸಣೆಗೂ ಸುಲಭ. ತಿಂಗಳಿಗೆ ಒಂದೋ ಎರಡೋ ಎಂದರೆ ಬೆಂಗಳೂರಿಗೋ ಮೈಸೂರಿಗೋ ಹೊರಡಿ. ಅದರ ಜೊತೆ ಕವಾಟವನ್ನೂ ಬದಲಿಸಬೇಕು ಎಂದಿದ್ದರಂತೂ ಯೋಚಿಸುವುದೇ ಬೇಡ.

ಆದರೆ ಈ ಲೆಕ್ಕಾಚಾರವೆಲ್ಲ ಸಮಯ ಇರುವವರಿಗೆ. ಆಪರೇಷನ್‌ಗೆ ಮೊದಲೇ ಅಪ್ಪನಿಗೆ ಎದೆನೋವು ಬಂದು ಬೆವರಿಟ್ಟರೆ ಆಸ್ಪತ್ರೆ ಆರಿಸುತ್ತಾ ಕೂರಬೇಡಿ. ಹೃದಯಾಘಾತದಲ್ಲಿ ತುರ್ತು ಆಂಜಿಯೋಪ್ಲಾಸ್ಟಿಗೆ, ಅಂದರೆ ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವುದಕ್ಕೆ, ಹೆಚ್ಚು ಮಾಡುವ ಆಸ್ಪತ್ರೆಯೇ ಮೇಲು ಎಂದು 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ಆದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿನಲ್ಲಿ ಹೆಚ್ಚು ಕೊಡುವ ಆಸ್ಪತ್ರೆಗೂ ಕಡಿಮೆ ಕೊಡುವ ಆಸ್ಪತ್ರೆಗೂ ಸಾವಿನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಔಷಧಕ್ಕೆ ಬೇಕಿರುವುದು ಬೇಗ ಕೊಡುವ ಕೈ. ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ನಿಂತಿರುವುದು ಇದರ ಮೇಲೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಈ ವಾರವೇ ಹೋಗಿ ವಿಚಾರಿಸಿ, ಅಪ್ಪನ ಆಂಜಿಯೋಗ್ರಾಂ ವರದಿಯನ್ನು ಮನೆಯವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ.