ಥರ್ಲೈ: ಬಾಂಬರ್ ನೆಲೆ ಪ್ರಯೋಗಶಾಲೆಯಾದ ಕಥೆ

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಎರಡನೇ ಮಹಾಯುದ್ಧದ ಬಗ್ಗೆ ಓದಿದರೆ ‘ಥರ್ಲೈ’ ಅಂತ ಸಿಗುತ್ತದೆ. ವಿಮಾನ ಸಂಶೋಧನೆಯ ಬಗ್ಗೆ ಓದಿದರೆ ‘ಆರ್‌ಎಇ ಬೆಡ್‌ಫರ್ಡ್’ ಅಂತ ಬರುತ್ತದೆ. ಎರಡೂ ಒಂದೇ ಜಾಗ. ಇಂಗ್ಲೆಂಡಿನ ಬೆಡ್‌ಫರ್ಡ್ ಊರಿನ ಉತ್ತರಕ್ಕಿರುವ ಹಳ್ಳಿ ಥರ್ಲೈ. ಕೊನೆಯ ಅಕ್ಷರ ‘ಲೀ’ ಅಲ್ಲ, ‘ಲೈ’. ಆರ್‌ಎಇ ಅಂದರೆ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್. ಅದರ ಮುಖ್ಯ ಕೇಂದ್ರ ಇದ್ದದ್ದು ಫಾರ್ನ್‌ಬರೋದಲ್ಲಿ, ಬೆಡ್‌ಫರ್ಡ್ ಅದರ ಇನ್ನೊಂದು ಮನೆ.

ಯುದ್ಧದ ಕಾಲವನ್ನು ಬೇಗ ಮುಗಿಸೋಣ. 1942ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ 306ನೇ ಬಾಂಬರ್ ಗ್ರೂಪ್ ತನ್ನ ಬಿ-17 ವಿಮಾನಗಳ ಜೊತೆ ಇಲ್ಲಿಗೆ ಬಂತು. ಒಂದೊಂದು ವಿಮಾನದಲ್ಲೂ ಹತ್ತು ಜನ. 1943ರ ಜನವರಿ 27ರಂದು ಅಮೆರಿಕದ ಬಾಂಬರ್‌ಗಳು ಮೊದಲ ಸಲ ಜರ್ಮನಿಯ ನೆಲದ ಮೇಲೆಯೇ ದಾಳಿ ಮಾಡಿದವು. ಗುರಿ ವಿಲ್‌ಹೆಲ್ಮ್ಸ್‌ಹಾಫೆನ್ ಬಂದರು, ಮುಂದಾಳು ಇದೇ ಗ್ರೂಪ್. 1944ರ ಜುಲೈಯಲ್ಲಿ ರಾಜಕುಮಾರಿ ಎಲಿಜಬೆತ್ ಇಲ್ಲಿಗೆ ಬಂದು ಒಂದು ಬಿ-17ಕ್ಕೆ ‘ರೋಸ್ ಆಫ್ ಯಾರ್ಕ್’ ಅಂತ ಹೆಸರಿಟ್ಟರು. 1945ರ ಫೆಬ್ರವರಿಯಲ್ಲಿ ಬರ್ಲಿನ್ ದಾಳಿಗೆ ಹೋದ ಆ ವಿಮಾನ ವಾಪಸ್ ಬರಲಿಲ್ಲ. ಅದರಲ್ಲಿ ಬಿಬಿಸಿಯ ವರದಿಗಾರರೊಬ್ಬರೂ ಇದ್ದರು. ಹೀಗೆ ಹೋಗಿ ಬರದೇ ಇದ್ದವರ ಊರು ಇದು ಅನ್ನುವುದನ್ನು ಮುಂದಿನ ಭಾಗ ಓದುವಾಗಲೂ ಮರೆಯಬಾರದು.

ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿಗೆ ಒಂದು ಚಿಂತೆ ಹತ್ತಿತ್ತು. ಜೆಟ್ ಯುಗ ಬಂದಿದೆ, ಶಬ್ದದ ವೇಗ ದಾಟುವ ವಿಮಾನಗಳನ್ನು ಪರೀಕ್ಷಿಸಬೇಕು. ಫಾರ್ನ್‌ಬರೋದಲ್ಲಿ ಜಾಗ ಸಾಲದು. ಬೆಡ್‌ಫರ್ಡ್ ಸುತ್ತ ನೆಲ ಎತ್ತರದಲ್ಲಿದೆ, ಸಮತಟ್ಟಾಗಿದೆ, ಯುದ್ಧಕಾಲದ ಏರ್‌ಫೀಲ್ಡ್‌ಗಳು ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ಇಲ್ಲೊಂದು ದೊಡ್ಡ ಕೇಂದ್ರ ಕಟ್ಟುವ ಯೋಜನೆ ಹುಟ್ಟಿತು. ಐದು ಮೈಲಿ ಉದ್ದದ ರನ್‌ವೇ ಹಾಕುವ ಕನಸೂ ಅದರಲ್ಲಿತ್ತು. ಕೊನೆಗೆ ಕಟ್ಟಿದ್ದು 10,500 ಅಡಿಯದು, ಅಂದರೆ 3.2 ಕಿ.ಮೀ. ಅದೂ ಆ ಕಾಲಕ್ಕೆ ಭಾರಿ ಉದ್ದವೇ.

ಗಾಳಿ ಸುರಂಗಗಳು, ಅಂದರೆ ವಿಂಡ್ ಟನಲ್‌ಗಳು, ರನ್‌ವೇ ಪಕ್ಕದಲ್ಲಿ ಇರಲಿಲ್ಲ. ಸ್ವಲ್ಪ ದೂರದಲ್ಲಿ, ಟ್ವಿನ್‌ವುಡ್ ಫಾರ್ಮ್ ಅನ್ನುವ ಇನ್ನೊಂದು ಹಳೆಯ ಏರ್‌ಫೀಲ್ಡ್‌ನ ಮಗ್ಗುಲಲ್ಲಿ ಅವನ್ನು ಕಟ್ಟಿದರು. ಸಂಗೀತಗಾರ ಗ್ಲೆನ್ ಮಿಲ್ಲರ್ 1944ರ ಡಿಸೆಂಬರ್ 15ರಂದು ವಿಮಾನ ಹತ್ತಿ ಕಾಣೆಯಾದದ್ದು ಅದೇ ಟ್ವಿನ್‌ವುಡ್‌ನಿಂದ.

ಈಗ ಮುಖ್ಯ ವಿಷಯ. ಇಲ್ಲಿಗೆ ದುಡ್ಡು ಸುರಿದದ್ದು ಅತಿ ವೇಗದ ಹಾರಾಟಕ್ಕೆ. ಆದರೆ ನನಗೆ ಈ ಜಾಗ ದೊಡ್ಡದಾಗಿ ಕಾಣುವುದು ನೆಲದ ಹತ್ತಿರ, ಕಡಿಮೆ ವೇಗದಲ್ಲಿ ಮಾಡಿದ ಕೆಲಸದಿಂದ. ವಿಮಾನ ನೆಲ ಬಿಡುವ ಮತ್ತು ನೆಲ ಮುಟ್ಟುವ ಆ ಕೆಲವೇ ಸೆಕೆಂಡುಗಳನ್ನು ಇಷ್ಟು ತಾಳ್ಮೆಯಿಂದ ಓದಿದ ಜಾಗಗಳು ಕಡಿಮೆ.

ಮೊದಲು ಮಂಜಿನ ಸಮಸ್ಯೆ ನೋಡಿ. ಬ್ಲೈಂಡ್ ಲ್ಯಾಂಡಿಂಗ್ ಎಕ್ಸ್‌ಪೆರಿಮೆಂಟಲ್ ಯೂನಿಟ್ ಅನ್ನುವ ತಂಡ 1945ರಲ್ಲೇ ಬೇರೆ ಕಡೆ ಶುರುವಾಗಿತ್ತು, 1957ರಲ್ಲಿ ಇಲ್ಲಿಗೆ ಬಂತು. ಕಣ್ಣಿಗೆ ಏನೂ ಕಾಣದಿದ್ದರೂ ವಿಮಾನ ತಾನಾಗಿ ಇಳಿಯಬೇಕು ಅನ್ನುವುದು ಅವರ ಹಟ. ರೇಡಿಯೋ ಕಿರಣ ಹಿಡಿದು ರನ್‌ವೇ ಹತ್ತಿರ ಬರುವುದು ಆಗಲೇ ಗೊತ್ತಿತ್ತು. ಕಷ್ಟ ಇದ್ದದ್ದು ಕೊನೆಯ ಐವತ್ತು ಅಡಿಯಲ್ಲಿ. ಇಳಿಜಾರು ತೋರಿಸುವ ಕಿರಣವನ್ನು ಅಷ್ಟು ಕೆಳಗೆ ನಂಬುವಂತಿಲ್ಲ. ಅದನ್ನೇ ಹಿಡಿದು ಬಂದರೆ ವಿಮಾನ ಸೆಕೆಂಡಿಗೆ ಹತ್ತು ಅಡಿಯಷ್ಟು ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಅಲ್ಲಿ ಮೂಗು ಮೆಲ್ಲಗೆ ಎತ್ತಿ ಇಳಿತ ಕಡಿಮೆ ಮಾಡಬೇಕು. ಇದಕ್ಕೆ ‘ಫ್ಲೇರ್’ ಅನ್ನುತ್ತಾರೆ.

ಅವರು ಹಿಡಿದ ದಾರಿ ಚೆನ್ನಾಗಿದೆ. ರೇಡಿಯೋ ಆಲ್ಟಿಮೀಟರ್ ನೆಲಕ್ಕೆ ಎಷ್ಟು ಅಡಿ ಬಾಕಿ ಅಂತ ಅಳೆಯುತ್ತಲೇ ಇರುತ್ತದೆ. ನಿಯಮ ಒಂದೇ: ಇಳಿಯುವ ವೇಗ ಎತ್ತರಕ್ಕೆ ತಕ್ಕ ಹಾಗೆ ಇರಲಿ. 50 ಅಡಿಯಲ್ಲಿ ಸೆಕೆಂಡಿಗೆ 10 ಅಡಿ ಇಳಿಯುತ್ತಿದ್ದರೆ 25 ಅಡಿಯಲ್ಲಿ 5 ಅಡಿ, 10 ಅಡಿಯಲ್ಲಿ 2 ಅಡಿ. ಕಾಗದದ ಮೇಲೆ ಇದನ್ನು ಬಿಡಿಸಿ ನೋಡಿ, ಗೆರೆ ನಯವಾಗಿ ಬಾಗುತ್ತದೆ. ಆದರೆ ಒಂದು ತೊಡಕು ಇದೆ, ಗಮನಿಸಿದ್ರಾ? ಎತ್ತರ ಸೊನ್ನೆಯಾದಾಗ ಇಳಿಯುವ ವೇಗವೂ ಸೊನ್ನೆ. ಹಾಗಾದರೆ ಲೆಕ್ಕದ ಪ್ರಕಾರ ವಿಮಾನ ನೆಲ ಮುಟ್ಟುವುದೇ ಇಲ್ಲ! ಅದಕ್ಕೇ ಗುರಿಯನ್ನು ರನ್‌ವೇಗಿಂತ ಸ್ವಲ್ಪ ಕೆಳಗೆ ಇಡುತ್ತಾರೆ. ಆಗ ಚಕ್ರ ಮೆತ್ತಗೆ, ಆದರೆ ಖಂಡಿತವಾಗಿ ತಾಗುತ್ತದೆ.

ಇನ್ನು ಅದು ಕೈಕೊಟ್ಟರೆ? ಬ್ರಿಟಿಷರು ಇಟ್ಟುಕೊಂಡ ಗುರಿ 1 ಕೋಟಿ ಇಳಿತಕ್ಕೆ ಹೆಚ್ಚೆಂದರೆ 1 ಜೀವಹಾನಿಯ ಅಪಘಾತ. ಒಂದೇ ಆಟೋಪೈಲಟ್ ನಂಬಿ ಇಷ್ಟು ಭದ್ರತೆ ಬರುವುದಿಲ್ಲ. ಎರಡು ಇಟ್ಟರೆ? ಎರಡೂ ಬೇರೆ ಬೇರೆ ಹೇಳಿದಾಗ ಯಾವುದು ಸುಳ್ಳು ಅಂತ ಗೊತ್ತಾಗುವುದಿಲ್ಲ. ಮೂರು ಇಟ್ಟರೆ ತಪ್ಪಿದ ಒಂದನ್ನು ಉಳಿದೆರಡು ಸೇರಿ ಪಕ್ಕಕ್ಕೆ ತಳ್ಳುತ್ತವೆ. ಟ್ರೈಡೆಂಟ್ ಅನ್ನುವ ಬ್ರಿಟಿಷ್ ಪ್ರಯಾಣಿಕ ವಿಮಾನದಲ್ಲಿ ಹೀಗೆ ಮೂರು ದಾರಿ ಇಟ್ಟರು. 1965ರ ಜೂನ್ 10ರಂದು ಪ್ಯಾರಿಸ್‌ನಿಂದ ಲಂಡನ್‌ಗೆ ಬಂದ ಟ್ರೈಡೆಂಟ್, ಟಿಕೆಟ್ ಕೊಂಡ ಪ್ರಯಾಣಿಕರು ಕೂತಿರುವಾಗಲೇ ಆಟೋಪೈಲಟ್ ಕೈಯಲ್ಲಿ ನೆಲ ಮುಟ್ಟಿತು. ಈಗ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯಲ್ಲೂ ‘ಕ್ಯಾಟ್ 3’, ಅಂದರೆ ದಟ್ಟ ಮಂಜಿನಲ್ಲೂ ಇಳಿಯುವ ಸೌಲಭ್ಯ ಇದೆ. ಡಿಸೆಂಬರ್, ಜನವರಿಯ ಮಂಜಿನ ಬೆಳಗ್ಗೆ ಅಲ್ಲಿ ವಿಮಾನ ಇಳಿದರೆ ಥರ್ಲೈಯ ಈ ಲೆಕ್ಕ ನೆನಪಾಗಬೇಕು.

ಎರಡನೆಯದು ಶಬ್ದದ ವೇಗ ದಾಟಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್‌ಗೆ ಸೇರಿದ್ದು. ಅದರ ರೆಕ್ಕೆ ತೆಳ್ಳನೆಯ ತ್ರಿಕೋನ. ವೇಗಕ್ಕೆ ಸೊಗಸು. ನಿಧಾನಕ್ಕೆ ಇಳಿಯುವಾಗ ಅದು ಅಕ್ಕಪಕ್ಕ ತೊನೆದಾಡಿ ಕೈ ತಪ್ಪೀತು ಅನ್ನುವ ಭಯ ಇತ್ತು. ಅದನ್ನು ನೋಡಲಿಕ್ಕೆಂದೇ ಎಚ್‌ಪಿ 115 ಅನ್ನುವ ಪುಟ್ಟ ವಿಮಾನ ಮಾಡಿದರು. ರೆಕ್ಕೆಯ ಅಂಚು ಸುಮಾರು 75 ಡಿಗ್ರಿ ಹಿಂದಕ್ಕೆ ಬಾಗಿತ್ತು, ಚಕ್ರ ಮಡಚುತ್ತಿರಲಿಲ್ಲ. 1961ರ ಆಗಸ್ಟ್ 17ರಂದು ಅದು ಇಲ್ಲಿಂದಲೇ ಮೊದಲು ಹಾರಿತು. ತೊನೆದಾಟ ಇತ್ತು ನಿಜ, ಆದರೆ ಪೈಲಟ್ ಅದನ್ನು ಸಲೀಸಾಗಿ ನಿಲ್ಲಿಸಬಹುದಿತ್ತು. ಭಯ ಕಳೆಯಿತು. 1970ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಕೂಡ ಇದನ್ನು ಹಾರಿಸಿ ನೋಡಿದರು.

ನೆಟ್ಟಗೆ ಮೇಲೇಳುವ ವಿಮಾನಗಳಿಗೂ ಇದು ತವರು. ಶಾರ್ಟ್ ಎಸ್‌ಸಿ 1 ವಿಮಾನ ನಿಂತಲ್ಲೇ ಮೇಲೆದ್ದು ಮುಂದಕ್ಕೆ ಹಾರುವ ಹಂತವನ್ನು 1960ರ ಏಪ್ರಿಲ್‌ನಲ್ಲಿ ಇಲ್ಲಿ ದಾಟಿತು. ಹ್ಯಾರಿಯರ್ ಅನ್ನುವ ಬ್ರಿಟಿಷ್ ಯುದ್ಧವಿಮಾನದ ಪೂರ್ವಜ ಪಿ 1127, ರನ್‌ವೇ ಮೇಲೆ ಓಡಿ ಮೊದಲ ಸಲ ಹಾರಿದ್ದೂ ಇಲ್ಲೇ, 1961ರ ಮಾರ್ಚ್ 13ರಂದು.

ಹ್ಯಾರಿಯರ್‌ನಿಂದಲೇ ನನಗೆ ಅತಿ ಇಷ್ಟವಾದ ಭಾಗ ಬರುತ್ತದೆ. ಭಾರ ಹೊತ್ತ ಹ್ಯಾರಿಯರ್ ನಿಂತಲ್ಲಿಂದ ನೆಟ್ಟಗೆ ಏಳಲಾರದು, ಸ್ವಲ್ಪ ಓಡಬೇಕು. ಹಡಗಿನ ಮೇಲೆ ಜಾಗ ಕಡಿಮೆ. ಡಗ್ ಟೇಲರ್ ಅನ್ನುವ ಬ್ರಿಟಿಷ್ ನೌಕಾಪಡೆಯ ಎಂಜಿನಿಯರ್ ಅಧಿಕಾರಿ ಹೇಳಿದ್ದು ಸರಳ ಮಾತು: ಡೆಕ್ಕಿನ ತುದಿಯನ್ನು ಮೇಲಕ್ಕೆ ಬಾಗಿಸಿ. ವಿಮಾನ ಆ ತುದಿ ಬಿಡುವಾಗ ಹಾರಲು ಬೇಕಾದಷ್ಟು ವೇಗ ಇನ್ನೂ ಬಂದಿರುವುದಿಲ್ಲ. ಆದರೆ ಎಸೆದ ಕಲ್ಲಿನ ಹಾಗೆ ಮೇಲಕ್ಕೆ ಹೋಗುತ್ತಿರುತ್ತದೆ. ಆ ಕೆಲವು ಸೆಕೆಂಡು ಎಂಜಿನ್ ತಳ್ಳುತ್ತಲೇ ಇರುತ್ತದೆ, ವೇಗ ಗಾಳಿಯಲ್ಲೇ ಕೂಡಿಕೊಳ್ಳುತ್ತದೆ. ಈ ಬಾಗಿದ ತುದಿ, ಅಂದರೆ ರ‍್ಯಾಂಪ್, ಕೊಡುವುದು ಎತ್ತರ ಅಂತ ಜಾಸ್ತಿ ಜನ ಬರೆಯುತ್ತಾರೆ. ನಿಜವಾಗಿ ಅದು ಕೊಡುವುದು ಸಮಯ. ಇದಿಷ್ಟು ತಲೆಯಲ್ಲಿ ಕೂತರೆ ಸಾಕು.

1977ರ ಆಗಸ್ಟ್ 5ರಂದು ಥರ್ಲೈಯಲ್ಲಿ 6 ಡಿಗ್ರಿಯ ರ‍್ಯಾಂಪ್ ಮೇಲಿಂದ ಹ್ಯಾರಿಯರ್ ಮೊದಲ ಸಲ ಹಾರಿತು. ಆಮೇಲೆ ಕೋನ ಹೆಚ್ಚಿಸುತ್ತಾ ಹೋದರು. ಈ ‘ಸ್ಕೀ ಜಂಪ್’ ಎಚ್‌ಎಂಎಸ್ ಹರ್ಮಿಸ್ ಹಡಗಿಗೂ ಬಂತು. ಅದೇ ಹಡಗು 1987ರಲ್ಲಿ ನಮ್ಮ ಐಎನ್‌ಎಸ್ ವಿರಾಟ್ ಆಯಿತು. ಬೆಂಗಳೂರಿನಲ್ಲಿ ಹುಟ್ಟಿದ ನೌಕಾ ತೇಜಸ್ 2014ರ ಡಿಸೆಂಬರ್‌ನಲ್ಲಿ ಗೋವಾದ ಐಎನ್‌ಎಸ್ ಹಂಸದಲ್ಲಿ ಇಂಥದೇ ರ‍್ಯಾಂಪ್ ಹತ್ತಿ ಹಾರಿತು. ಕಾರವಾರದ ನೆಲೆಯ ವಿಕ್ರಮಾದಿತ್ಯದ ಫೋಟೋ ನೋಡಿ, ಮುಂಭಾಗ ತಲೆ ಎತ್ತಿಕೊಂಡಿರುತ್ತದೆ ಅಲ್ವಾ? ಅದೇ ಇದು.

ಥರ್ಲೈಯಲ್ಲಿ ಸಂಶೋಧನಾ ಹಾರಾಟ 1994ರಲ್ಲಿ ನಿಂತಿತು, ಕೆಲಸ ಇಂಗ್ಲೆಂಡಿನ ಇನ್ನೊಂದು ಪರೀಕ್ಷಾ ನೆಲೆ ಬಾಸ್ಕೊಂಬ್ ಡೌನ್‌ಗೆ ಹೋಯಿತು. ಏರ್‌ಫೀಲ್ಡ್‌ನ ಒಂದು ಭಾಗದಲ್ಲಿ ಈಗ ಕಾರ್ ಓಡಿಸುವ ಟ್ರ್ಯಾಕ್ ಇದೆ. 306ನೇ ಗ್ರೂಪಿನ ನೆನಪಿಗೆ ಒಂದು ಮ್ಯೂಸಿಯಂ ಇದೆ. ಟನಲ್‌ಗಳ ಪೈಕಿ ಒಂದರಲ್ಲಿ ರೆಡ್ ಬುಲ್ ತಂಡ ತನ್ನ ರೇಸ್ ಕಾರುಗಳಿಗೆ ಗಾಳಿ ಹಾಯಿಸಿ ನೋಡಿದೆ. ವಿಮಾನದ ಮಾದರಿಗಳು ಗಿರಗಿರನೆ ತಿರುಗಿ ಬೀಳುವುದನ್ನು ಅಭ್ಯಾಸ ಮಾಡಲು ಕಟ್ಟಿದ ನೆಟ್ಟನೆಯ ಟನಲ್‌ನಲ್ಲಿ, ಜನ ದುಡ್ಡು ಕೊಟ್ಟು ಕೈಕಾಲು ಚಾಚಿ ತೇಲುತ್ತಾರೆ.