ಗೇರ್ ಆಯಿಲ್ ಬದಲಿಸಿದರೆ ಟಾರ್ಕ್ ಕನ್ವರ್ಟರ್ ಹಾಳಾಗುತ್ತದೆಯೇ?

ಪ್ರಶ್ನೆ: ನನ್ನದು ಡೀಸೆಲ್ ಆಟೊಮ್ಯಾಟಿಕ್ ಎಸ್‌ಯುವಿ, ಒಂದು ಲಕ್ಷ ಕಿ.ಮೀ. ದಾಟಿದೆ. 60–70ರ ವೇಗದಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟು ಹೋಗುವಾಗ ಗಾಡಿ ಗಡಗಡ ನಡುಗುತ್ತದೆ. ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಹೋಗಿದೆ ಅಂತ ಗ್ಯಾರೇಜಿನವರು ಅಂತಾರೆ. ಮೊದಲು ಆಯಿಲ್ ಬದಲಿಸಿ ನೋಡೋಣ ಅಂದರೆ, ‘ಹಳೇ ಆಯಿಲ್ ಮುಟ್ಟಬೇಡಿ, ಮುಟ್ಟಿದರೆ ಗೇರ್‌ಬಾಕ್ಸೇ ಕೂತುಬಿಡುತ್ತೆ’ ಅಂತಾರೆ. ಏನು ಮಾಡಲಿ?

ಉತ್ತರ: ಗಾಡಿಯ ಹೆಸರು ಬದಲಾಗುತ್ತದೆ, ಕಿಲೋಮೀಟರ್ ಬದಲಾಗುತ್ತದೆ, ‘ಹಳೇ ಆಯಿಲ್ ಮುಟ್ಟಬೇಡಿ’ ಅನ್ನುವುದು ಮಾತ್ರ ಅಕ್ಷರ ಬದಲಾಗದೆ ಬರುತ್ತಲೇ ಇದೆ. ಆದ್ದರಿಂದ ಮೊದಲು ಅದನ್ನೇ ಇತ್ಯರ್ಥ ಮಾಡುತ್ತೇನೆ.

ಈ ನಂಬಿಕೆಯ ಹಿಂದಿನ ವಾದ ಇಷ್ಟು: ಸವೆದ ಕ್ಲಚ್‌ನ ಪುಡಿ ಹಳೇ ಆಯಿಲ್‌ನಲ್ಲಿ ಬೆರೆತಿರುತ್ತದೆ, ಆ ಪುಡಿಯಿಂದಲೇ ಕ್ಲಚ್‌ಗೆ ಹಿಡಿತ, ಹೊಸ ಆಯಿಲ್ ಹಾಕಿದರೆ ಹಿಡಿತ ಹೋಯಿತು. ಕೇಳಲು ಸರಿ ಅನ್ನಿಸುತ್ತದೆ, ಆದರೆ ತಪ್ಪು. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಪಂಪ್ ಕೊಡುವ ಆಯಿಲ್ ಒತ್ತಡ, ಪುಡಿಯಲ್ಲ. ಆ ಪುಡಿ ಆಯಿಲ್ ಅನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ, ಆ ದಾರಿಗಳನ್ನು ವಿದ್ಯುತ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್‌ಗಳಲ್ಲಿ ಕೂತು ಅದೇ ಒತ್ತಡವನ್ನು ಕೆಡಿಸುತ್ತದೆ. ಘರ್ಷಣೆ ನಯವಾಗಿರಲೆಂದು ಆಯಿಲ್‌ಗೆ ಬೆರೆಸಿದ ರಾಸಾಯನಿಕಗಳು ಶಾಖಕ್ಕೆ ಸತ್ವ ಕಳೆದುಕೊಂಡಾಗ ಕನ್ವರ್ಟರ್‌ನೊಳಗಿನ ಲಾಕಪ್ ಕ್ಲಚ್ (ವೇಗ ಹಿಡಿದ ಮೇಲೆ ಇಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಜೋಡಿಸುವುದು) ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ನಿಮ್ಮ ಗಡಗಡ ಬಹುತೇಕ ಅದೇ. ಆರಂಭದ ಹಂತದಲ್ಲಿ ಸರಿಯಾದ ಹೊಸ ಆಯಿಲ್ ಹಾಕಿದರೆ ಎಷ್ಟೋ ಗಾಡಿಗಳಲ್ಲಿ ಅದು ನಿಂತೇ ಹೋಗುತ್ತದೆ.

ಹಾಗಾದರೆ ಆಯಿಲ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಸತ್ತ ಕಥೆಗಳೆಲ್ಲ ಸುಳ್ಳೇ? ಸುಳ್ಳಲ್ಲ. ಗೇರ್ ಜಾರಲು ಶುರುವಾಗುವವರೆಗೆ ನಮ್ಮಲ್ಲಿ ಆಯಿಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅಷ್ಟರಲ್ಲಿ ಕ್ಲಚ್‌ನ ಲೈನಿಂಗ್ ಸವೆದು ಮುಗಿದಿರುತ್ತದೆ. ಹೊಸ ಆಯಿಲ್ ಹಾಕಿದ ತಿಂಗಳಲ್ಲಿ ಗಾಡಿ ನಿಂತರೆ ಅಪವಾದ ಆಯಿಲ್ ಮೇಲೆ. ಇನ್ನು ಕೆಲವು ಸತ್ತಿದ್ದು ಕೆಲಸದ ತಪ್ಪಿನಿಂದ: ಕೆಂಪಗಿದೆ ಅಂತ ಯಾವುದೋ ಆಯಿಲ್ ಹಾಕಿದ್ದು, ಎಂದೂ ಬದಲಿಸದ ಬಾಕ್ಸಿಗೆ ಮಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿದ್ದು, ಲೆವೆಲ್ ತಪ್ಪಿಸಿದ್ದು. ಈಗಿನ ಬಹುಪಾಲು ಗೇರ್‌ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಇಂಜಿನ್ ಓಡುತ್ತಿರಬೇಕು, ಆಯಿಲ್ ಕೈಪಿಡಿ ಹೇಳಿದಷ್ಟೇ ಬಿಸಿಯಾಗಿರಬೇಕು (ಸಾಮಾನ್ಯವಾಗಿ 40 ಡಿಗ್ರಿ ಆಸುಪಾಸು), ಆಗ ಲೆವೆಲ್ ನೋಡುವ ಪ್ಲಗ್ ತೆಗೆದರೆ ಸಣ್ಣ ಧಾರೆಯಾಗಿ ಸುರಿದು ಹನಿಗೆ ಇಳಿಯಬೇಕು. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಲ್ಲಿ ಉಷ್ಣತೆ ನೋಡದೆ ಲೆವೆಲ್ ಹಾಕುವವರ ಕೈಗೆ ಗಾಡಿ ಕೊಡಬೇಡಿ.

‘ಲೈಫ್‌ಟೈಮ್ ಆಯಿಲ್ ಅಂತ ಕಂಪನಿಯೇ ಹೇಳಿದೆಯಲ್ಲ’ ಎನ್ನುವವರಿಗೆ: ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಜೆಡ್‌ಎಫ್, ತನ್ನ ಆಟೊಮ್ಯಾಟಿಕ್‌ಗಳ ಆಯಿಲ್ ಅನ್ನು 80,000ದಿಂದ 1,20,000 ಕಿ.ಮೀ. ಒಳಗೆ ಇಲ್ಲವೇ 8 ವರ್ಷಕ್ಕೆ ಬದಲಿಸಿ ಎಂದೇ ಹೇಳುತ್ತದೆ. ಬಾಕ್ಸ್ ಮಾಡಿದವರ ಮಾತಿಗಿಂತ ಬೇರೆ ಪುರಾವೆ ಬೇಕೇ? ನಮ್ಮ ಬಿಸಿಲು, ಟ್ರಾಫಿಕ್, ಘಾಟಿಗೆ ನಾನು ಅದಕ್ಕೂ ಮೊದಲೇ ಮಾಡಿಸುತ್ತೇನೆ. ಒಂದು ಸಲ ಪ್ಯಾನ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಇಳಿಸಿದರೆ ಅರ್ಧದಷ್ಟೂ ಆಯಿಲ್ ಬರುವುದಿಲ್ಲ, ಉಳಿದದ್ದು ಕನ್ವರ್ಟರ್ ಮತ್ತು ಕೂಲರ್‌ನಲ್ಲಿರುತ್ತದೆ. ಮಧ್ಯೆ ಗಾಡಿ ಓಡಿಸಿಕೊಂಡು ಎರಡು ಮೂರು ಸಲ ಬದಲಿಸಬೇಕು.

ಈಗ ತಪಾಸಣೆ. ಖಾಲಿ ರಸ್ತೆಯಲ್ಲಿ ಗಡಗಡ ಬರುತ್ತಿರುವಾಗಲೇ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಸೋಕಿಸಿ. ಸಾಮಾನ್ಯವಾಗಿ ಲಾಕಪ್ ಬಿಟ್ಟುಕೊಳ್ಳುತ್ತದೆ. ತಕ್ಷಣ ನಡುಕ ನಿಂತರೆ ಅನುಮಾನ ಕನ್ವರ್ಟರ್ ಮೇಲೆ. ಇಂಜೆಕ್ಟರ್ ಅಥವಾ ಮೌಂಟಿಂಗ್ ಕೆಟ್ಟರೂ ಹೀಗೇ ನಡುಗುವುದರಿಂದ ಅಷ್ಟಕ್ಕೇ ತೀರ್ಪು ಕೊಡಬೇಡಿ. ಸ್ಕ್ಯಾನರ್‌ನಲ್ಲಿ ಇಂಜಿನ್ ಆರ್‌ಪಿಎಂ ಮತ್ತು ಟರ್ಬೈನ್ (ಕನ್ವರ್ಟರ್‌ನೊಳಗೆ ಗೇರ್‌ಬಾಕ್ಸ್ ಅನ್ನು ತಿರುಗಿಸುವ ಚಕ್ರ) ಆರ್‌ಪಿಎಂ ಅಕ್ಕಪಕ್ಕ ಇಟ್ಟು ನೋಡಿ. ಲಾಕಪ್ ಆದಾಗ ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆಯಿರಬೇಕು. ಕೆಲವು ಗಾಡಿಗಳಲ್ಲಿ ಬೇಕೆಂದೇ ಸ್ವಲ್ಪ ಜಾರಲು ಬಿಟ್ಟಿರುತ್ತಾರೆ, ಆಗಲೂ ಅಂಕಿ ಸ್ಥಿರವಾಗಿರಬೇಕು. ನಡುಕದ ಜೊತೆ ಅಂಕಿಯೂ ಕುಣಿದರೆ ಲಾಕಪ್‌ದೇ ದೋಷ. ಲಾಕಪ್ ಸರಿಯಾಗಿ ಹಿಡಿಯುತ್ತಿಲ್ಲ ಎನ್ನುವ ಪಿ0741 ಕೋಡ್ ಸ್ಕ್ಯಾನರ್‌ನಲ್ಲಿ ಬಂದರೂ ಸೊಲೆನಾಯ್ಡ್, ವಾಲ್ವ್ ಬಾಡಿ ನೋಡದೆ ಕನ್ವರ್ಟರ್ ಕೊಳ್ಳಬೇಡಿ. ನಿಂತಲ್ಲಿಂದ ಎತ್ತುವಾಗ ಜೀವವಿಲ್ಲದಂತಿದ್ದು ವೇಗ ಹಿಡಿದ ಮೇಲೆ ಸರಿಹೋಗುವ ಗಾಡಿಯದು ಬೇರೆ ರೋಗ, ಅಲ್ಲಿ ಸ್ಟೇಟರ್‌ನ (ಕನ್ವರ್ಟರ್‌ನೊಳಗೆ ಆಯಿಲ್ ಹರಿವನ್ನು ತಿರುಗಿಸಿ ಎಳೆತ ಹೆಚ್ಚಿಸುವ ಚಕ್ರ) ಒಂದೇ ದಿಕ್ಕಿಗೆ ತಿರುಗಲು ಬಿಡುವ ಒನ್ ವೇ ಕ್ಲಚ್ ಜಾರುತ್ತಿರುತ್ತದೆ.

ಪ್ಯಾನ್ ಇಳಿಸಿದಾಗ ನೀವೇ ಬಗ್ಗಿ ನೋಡಿ. ಮ್ಯಾಗ್ನೆಟ್ ಮೇಲೆ ಕಾಡಿಗೆಯಂಥ ನುಣುಪು ಮಸಿ ಇದ್ದರೆ ಸಹಜ. ಬೆರಳಿಗೆ ಸಿಗುವ ಲೋಹದ ಚೂರುಗಳಿದ್ದು, ಆಯಿಲ್ ಸುಟ್ಟ ವಾಸನೆ ಹೊಡೆದರೆ ಬರೀ ಆಯಿಲ್‌ನಿಂದ ಏನೂ ಆಗದು.

ಕನ್ವರ್ಟರ್ ಬದಲಿಸಲೇಬೇಕೆಂದಾದರೆ ಗೇರ್‌ಬಾಕ್ಸ್ ಇಳಿಸಬೇಕು, ಫೋರ್‌ವೀಲ್ ಡ್ರೈವ್ ಆದರೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಲಸವೂ ಸೇರುತ್ತದೆ. ಇಲ್ಲಿ ಕೈಚಳಕ ಬೇಕಾದ ಜಾಗ ಒಂದೇ. ಹೊಸದರೊಳಗೆ ಸ್ವಲ್ಪ ಆಯಿಲ್ ಸುರಿದು, ಬಾಕ್ಸ್ ಕಡೆಗೆ ತಳ್ಳುತ್ತಾ ತಿರುಗಿಸಬೇಕು. ಟರ್ಬೈನ್, ಸ್ಟೇಟರ್, ಪಂಪ್ ಒಂದೊಂದಾಗಿ ಕೂತಾಗ ‘ಟಕ್’ ಎಂದು ಇನ್ನಷ್ಟು ಒಳಗಿಳಿಯುತ್ತದೆ. ಪೂರ್ತಿ ಕೂರದೆ ಬೋಲ್ಟ್ ಎಳೆದು ಬಿಗಿದರೆ ಮೊದಲ ಸ್ಟಾರ್ಟ್‌ಗೇ ಪಂಪ್ ಒಡೆಯುತ್ತದೆ. ಬೆಲ್ ಹೌಸಿಂಗ್ (ಕನ್ವರ್ಟರ್ ಕೂರುವ ಗೇರ್‌ಬಾಕ್ಸ್‌ನ ಮುಂಭಾಗ) ಇಂಜಿನ್‌ಗೆ ಕೂಡಿಕೊಂಡ ಮೇಲೂ ಕನ್ವರ್ಟರ್ ಕೈಯಲ್ಲಿ ತಿರುಗಬೇಕು, ಅದಕ್ಕೂ ಇಂಜಿನ್ ಕಡೆಯ ಫ್ಲೆಕ್ಸ್ ಪ್ಲೇಟಿಗೂ ಕೆಲವು ಮಿಲಿಮೀಟರ್ ಸಂದು ಉಳಿಯಬೇಕು. ಗೇರ್‌ಬಾಕ್ಸ್‌ನ ಮುಂಭಾಗದ ಸೀಲ್ ಹೊಸದಿರಲಿ. ಕೂಲರ್ ತೊಳೆಯದಿದ್ದರೆ ಹಳೇ ಚೂರುಗಳು ಹೊಸ ಕನ್ವರ್ಟರಿಗೇ ಬಂದು ಸೇರುತ್ತವೆ.

ಆಟೊಮ್ಯಾಟಿಕ್ ಓಡಿಸುವವರಿಗೆ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಕನ್ವರ್ಟರ್ ಉಳಿಸಲು ಪ್ರತಿ ಸಿಗ್ನಲ್‌ನಲ್ಲೂ ನ್ಯೂಟ್ರಲ್ ಮಾಡಬೇಕಾಗಿಲ್ಲ. ‘ಡಿ’ಯಲ್ಲೇ ಬ್ರೇಕ್ ಹಿಡಿದು ನಿಂತರೆ ಹುಟ್ಟುವ ಅಲ್ಪ ಶಾಖವನ್ನು ಕೂಲರ್ ನೋಡಿಕೊಳ್ಳುತ್ತದೆ. ಮತ್ತೆ ಮತ್ತೆ ‘ಎನ್’ನಿಂದ ‘ಡಿ’ಗೆ ಹಾಕಿದರೆ ಒಳಗಿನ ಕ್ಲಚ್‌ಗಳಿಗೇ ಕೆಲಸ ಹೆಚ್ಚು. ರೈಲ್ವೆ ಗೇಟ್‌ನಂಥ ಕಡೆ ಹ್ಯಾಂಡ್‌ಬ್ರೇಕ್ ಎಳೆದು ‘ಪಿ’ಗೆ ಹಾಕಿ. ಚಾರ್ಮಾಡಿ, ಆಗುಂಬೆ ಇಳಿಯುವಾಗಲಂತೂ ನ್ಯೂಟ್ರಲ್ ಬೇಡವೇ ಬೇಡ. ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡು ಅಥವಾ ಮೂರನೇ ಗೇರ್‌ನಲ್ಲಿಳಿಯಿರಿ, ಬ್ರೇಕ್ ಕಾಯುವುದಿಲ್ಲ.